ಮೂವತ್ತು ಎಣಿಸುವ ತನಕ

ಡಾಬಕಾ, ಔರಾದ ತಾಲ್ಲೂಕು
18 ಅಕ್ಟೋಬರ್ 2025, ಶನಿವಾರ

ಶಶಿಕಲಾ ಅಕ್ಕಾವರಿಗೆ ಜಯಭೀಮ.

ಈ ಕಾಗದದೊಳಗೆ ಮಡಿಸಿಟ್ಟ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಕಂಡಕ್ಟರ್ ಹಬೀಬ ಬೀದರಕ್ಕೆ ತಂದು ಫೋಟೋ ಲ್ಯಾಬಿನಲ್ಲಿ ನಿಮ್ಮ ಕೈಗೇ ಕೊಡುತ್ತಾನೆ. ಇಷ್ಟು ದೊಡ್ಡ ಫೈಲುಗಳನ್ನು ನಮ್ಮೂರ ನೆಟ್‌ವರ್ಕಿನಲ್ಲಿ ಕಳಿಸಲು ಕೂತರೆ ಮುಂದಿನ ಹುಣ್ಣಿಮೆ ಬರುತ್ತದೆ. ಟವರ್ ಕೆಟ್ಟರಂತೂ ನಾಲ್ಕು ದಿನ ಫೋನೂ ಇಲ್ಲ. ಬಸ್ಸು ಮಾತ್ರ ತಪ್ಪುವುದಿಲ್ಲ. ಹೋದ ಸಲ ನೀವು, "ಫೋನಿನಾಗ ನಿಮ್ಮ ಮಾತು ಅರ್ಧ ಕೇಳ್ತದ್ರಿ ಮಾಸ್ತರ, ಬರ್ದು ಕಳಿಸ್ರಿ" ಎಂದಿರಿ. ಅದಕ್ಕೇ ಬರೆಯುತ್ತಿದ್ದೇನೆ.

ಡಿಸೆಂಬರ್ 14ರ ರಾತ್ರಿ ಆಕಾಶದಲ್ಲಿ ಉಲ್ಕೆಗಳು ಹೆಚ್ಚು ಬೀಳುತ್ತವೆ. ಅವತ್ತು ನಮ್ಮ ಸಾಲಿಯ ಎಂಟನೇ ತರಗತಿಯ ಇಪ್ಪತ್ತೆರಡು ಮಕ್ಕಳನ್ನು ನನ್ನ ಅಣ್ಣ ಕೈಲಾಶನ ಹೊಲಕ್ಕೆ ಕರೆದೊಯ್ದು ತೋರಿಸಬೇಕೆಂದಿದ್ದೇನೆ. ಅಷ್ಟರೊಳಗೆ ಅದೇ ಹೊಲದ ಆಕಾಶದ ಹನ್ನೆರಡು ಚಿತ್ರಗಳು ತರಗತಿಯ ಗೋಡೆಗೆ ಬರಬೇಕು. ಆದರೆ ಮೂವತ್ತು ಸೆಕೆಂಡು ಲೆನ್ಸು ತೆರೆದಿಟ್ಟು ತೆಗೆದರೆ ಆಕಾಶ ಇಟ್ಟಂಗಿಯ ಬಣ್ಣಕ್ಕೆ ತಿರುಗುತ್ತದೆ. ಕಪ್ಪು ಇರಬೇಕಾದಲ್ಲೆಲ್ಲ ಕೆಂಪು, ಹಸಿರು ರವೆ ಚೆಲ್ಲಿದಂತೆ ಕಾಣುತ್ತದೆ. ಇನ್ನೊಂದು ಮಾತು, ಕೋಪ ಬೇಡ. ನೀವು ತಿದ್ದಿದ ಹಿಂದಿನ ಚಿತ್ರಗಳಲ್ಲಿ ನೀಲಿ ತುಸು ಹೆಚ್ಚಾಗಿದೆ. ಹುಡುಗರು, "ಸರ್, ಇದು ನಮ್ಮೂರ ಆಕಾಶ ಅಲ್ಲರಿ" ಎಂದರು.

ನಿಜ ಹೇಳಬೇಕೆಂದರೆ ಆ ಹೊಲದಲ್ಲಿ ಕತ್ತಲಾದ ಮೇಲೆ ನಿಲ್ಲಲು ನನಗೆ ಹೆದರಿಕೆ. ಕಾಡುಹಂದಿಗಳ ಕಾಟ ವಿಪರೀತವಾಗಿದೆ. ನಾಯಿ ಕಾಳ್ಯಾ ಕಾಲ ಬಳಿ ಮಲಗಿದ್ದರೆ ಮಾತ್ರ ನನ್ನ ಕೈ ಕ್ಯಾಮೆರಾದ ಮೇಲೆ ನಿಲ್ಲುತ್ತದೆ.

ನಿಮ್ಮ
ಅಶ್ವಜಿತ


ಬೀದರ
24 ಅಕ್ಟೋಬರ್ 2025

ಮಾಸ್ತರರೇ, ಶರಣು.

ವಿಜ್ಞಾನ ಕಲಿಸುವವರು ಹಂದಿಗೆ ಹೆದರುತ್ತೀರಿ ಎಂದು ಓದಿ ನಗು ಬಂತು. ಇರಲಿ, ನಾನು ಜಿರಲೆಗೆ ಹೆದರುತ್ತೇನೆ.

ಇಟ್ಟಂಗಿ ಬಣ್ಣ ಆಕಾಶದ್ದಲ್ಲ. ನಿಮ್ಮ ಬಲಗಡೆ ಯಾವುದೋ ದೀಪ ಉರಿಯುತ್ತಿದೆ, ಡಾಂಬರು ರಸ್ತೆಯದ್ದಿರಬೇಕು. ಅದರ ಬೆಳಕು ದೂಳಿಗೆ ತಾಗಿ ಮೇಲೆಲ್ಲ ಹರಡಿದೆ. ನಾನು ಎಷ್ಟೆಂದು ತೊಳೆಯಲಿ? ದೀಪಕ್ಕೆ ಬೆನ್ನು ಮಾಡಿ ಹೊಲದ ತೀರ ಕೆಳಗಿನ ಅಂಚಿಗೆ, ಬದುವಿನ ಹತ್ತಿರಕ್ಕೆ ಇಳಿಯಿರಿ. ಕತ್ತಲು ದಟ್ಟವಾಗಿದ್ದಷ್ಟೂ ನನಗೆ ಕೆಲಸ ಕಡಿಮೆ.

ರವೆಯ ಮಾತು. ಮೂವತ್ತು ಸೆಕೆಂಡು ತೆರೆದಿಟ್ಟರೆ ಕ್ಯಾಮೆರಾದ ಹೊಟ್ಟೆ ಬಿಸಿಯಾಗಿ ಇಲ್ಲದ ಚುಕ್ಕಿಗಳನ್ನು ತಾನೇ ಹುಟ್ಟಿಸುತ್ತದೆ. ಅದಕ್ಕೆ ನಾವು ನಾಯ್ಸ್ ಎನ್ನುತ್ತೇವೆ. ಪ್ರತಿ ಚಿತ್ರದ ಬೆನ್ನಿಗೆ ಲೆನ್ಸಿಗೆ ಮುಚ್ಚಳ ಹಾಕಿ ಅಷ್ಟೇ ಹೊತ್ತು ಇನ್ನೊಂದು ತೆಗೆಯಿರಿ. ಮುಚ್ಚಳದೊಳಗೂ ಕಾಣುವ ಚುಕ್ಕಿ ಸುಳ್ಳು. ಅದನ್ನು ಮೊದಲಿನ ಚಿತ್ರದಿಂದ ಕಳೆದರೆ ಉಳಿದದ್ದು ನಿಜ.

ಇನ್ನು ನೀಲಿ. ಬಣ್ಣದ ಫಿಲ್ಮಿಗೆ ಕಾಸಿಲ್ಲದ ಮದುಮಕ್ಕಳ ಕಪ್ಪು-ಬಿಳುಪು ಚಿತ್ರಕ್ಕೆ ಕುಂಚ ಹಿಡಿದು ತುಟಿಯ ಕೆಂಪು, ಸೀರೆಯ ಹಸಿರು ತುಂಬಿದ ಕೈ ಇದು. ಯುನುಸಭಾಯಿಯ ಲ್ಯಾಬಿನಲ್ಲಿ ನನಗೆ ಮೂವತ್ತೊಂದು ವರ್ಷ. ಇಲ್ಲಿಯವರೆಗೆ ಯಾರೂ ನನ್ನ ಬಣ್ಣ ತಪ್ಪೆಂದಿಲ್ಲ. ನಿಮ್ಮ ಹುಡುಗರಿಗೆ ಹೇಳಿ, ಆಕಾಶ ನೀಲಿಯೇ ಇರುತ್ತದೆ.

ಶಶಿಕಲಾ


ಡಾಬಕಾ
17 ನವೆಂಬರ್ 2025

ಅಕ್ಕಾವರಿಗೆ ಜಯಭೀಮ.

ನೀವು ಹೇಳಿದಂತೆ ಕೆಳಗಿನ ಬದುವಿಗೇ ಇಳಿದೆ. ಆಕಾಶ ನೋಡಿ, ಇಟ್ಟಂಗಿ ಹೋಗಿದೆ. ಮುಚ್ಚಳ ಹಾಕಿದವೂ ಕಾರ್ಡಿನಲ್ಲಿವೆ.

ಒಂದು ಚಿತ್ರದಲ್ಲಿ ನನ್ನ ಮಗಳು ಮಹಾಮಾಯಾ ಇದ್ದಾಳೆ. ಎಂಟು ವರ್ಷ. ಬದುವಿನ ಮುಂದಿನ ಬಂಡೆಗಲ್ಲು ಅವಳ ಜಾಗ. ಮೂವತ್ತು ಎಣಿಸುವ ತನಕ ಅಲ್ಲಾಡಬಾರದು, ನಾನು ಟಾರ್ಚ್ ಹಾಕಿದೆನೆಂದರೆ ಚಿತ್ರ ಮುಗಿಯಿತು, ಓಡಿ ಬರಬಹುದು. ಇದು ನಮ್ಮಿಬ್ಬರ ಆಟ. ಇಪ್ಪತ್ತೆರಡಕ್ಕೇ ಮೂಗು ತುರಿಸಿಕೊಂಡಳು, ಮುಖ ಕಲಸಿಹೋಗಿದೆ.

ಒಂದು ಸಂಶಯ. ಚಿತ್ರಗಳ ಕೆಳಭಾಗದಲ್ಲಿ, ಬದುವಿನ ಉದ್ದಕ್ಕೆ, ಸಣ್ಣ ನೀಲಿ ಚುಕ್ಕಿಗಳ ಸಾಲು ಕಂಡಂತಾಯಿತು. ಕ್ಯಾಮೆರಾದ ಪರದೆ ಚಿಕ್ಕದು, ಖಾತ್ರಿಯಿಲ್ಲ. ಅಕ್ಟೋಬರಿನ ಚಿತ್ರಗಳಲ್ಲಿ ಇರಲಿಲ್ಲ. ಅವೇನು? ನಾಯ್ಸೇ? ದಯವಿಟ್ಟು ನೋಡಿ ಹೇಳಿ.

ಕಾಳ್ಯಾ ಸತ್ತಿತು ಅಕ್ಕಾವರೇ. ಗುರುವಾರ ಬೆಳಗ್ಗೆ ಅದೇ ಬದುವಿನ ಬಳಿ ಕಾಲು ಸೆಟೆದು ಬಿದ್ದಿತ್ತು. ಹಾವು ಎಂದ ಅಣ್ಣ. ಅಂದಿನಿಂದ ಮನಸ್ಸು ಸರಿಯಿಲ್ಲ. ನಿನ್ನೆ ಕತ್ತಲಲ್ಲಿ ನಿಂತಾಗ ಹತ್ತಿರದಲ್ಲೇ ಸಾಸಿವೆ ಸಿಡಿದಂಥ ಸಣ್ಣ ಸದ್ದು ಕೇಳುತ್ತಿತ್ತು. ಹುಳವಿರಬೇಕು. ನಾಯಿಯಿಲ್ಲದ ಕತ್ತಲಲ್ಲಿ ಹುಳದ ಸದ್ದಿಗೂ ಎದೆ ಹೊಡೆದುಕೊಳ್ಳುತ್ತದೆ.

ಅಶ್ವಜಿತ


ಬೀದರ
22 ನವೆಂಬರ್ 2025

ಮಾಸ್ತರರೇ, ಶರಣು.

ಕಾಳ್ಯಾನ ಸುದ್ದಿ ಓದಿ ಕೆಟ್ಟದೆನಿಸಿತು. ಪಾಪದ ಪ್ರಾಣಿ.

ನಿಮ್ಮ ನೀಲಿ ಚುಕ್ಕಿಗಳನ್ನು ನೋಡಿದೆ. ನಾಯ್ಸ್, ಬೇರೇನಿಲ್ಲ. ಎಲ್ಲವನ್ನೂ ತೆಗೆದು ಸ್ವಚ್ಛ ಮಾಡಿದ್ದೇನೆ. ಇನ್ನು ಮುಂದೆ ಚುಕ್ಕಿಯ ಚಿಂತೆ ನನಗಿರಲಿ, ನೀವು ಮಕ್ಕಳಿಗೆ ಪಾಠ ಮಾಡಿ.

ಮಹಾಮಾಯಾಳಿಗೆ ಹೇಳಿ: ಬೀದರದ ಅಜ್ಜಿಯೊಬ್ಬಳು ಕೇಳುತ್ತಿದ್ದಾಳೆ, ಮೂಗು ಎಂಟು ಸೆಕೆಂಡು ಕಾಯುತ್ತಿರಲಿಲ್ಲವೇ? ಮುಂದಿನ ಸಲ ಅಲ್ಲಾಡದೆ ನಿಂತರೆ ಆ ಚಿತ್ರವನ್ನು ಬಾಗಿಲಷ್ಟು ದೊಡ್ಡದಾಗಿ ತೆಗೆಸಿ ಕಳಿಸುತ್ತೇನೆ.

ಡಿಸೆಂಬರಿನಲ್ಲಿ ಕೆಲವು ದಿನ ಭಾಲ್ಕಿಯಲ್ಲಿ ತಂಗಿ ವಿಮಲಾಬಾಯಿಯ ಮನೆಯಲ್ಲಿರುತ್ತೇನೆ. ಅವರ ಕಡೆ ಒಂದು ಮದುವೆ. ನಿಮ್ಮ ಕೊನೆಯ ಚಿತ್ರಗಳನ್ನು ಅಷ್ಟರೊಳಗೆ ಮುಗಿಸುತ್ತೇನೆ.

ಶಶಿಕಲಾ


ಡಾಬಕಾ
1 ಡಿಸೆಂಬರ್ 2025

ಅಕ್ಕಾವರಿಗೆ ಜಯಭೀಮ.

ಹನ್ನೆರಡೂ ಚಿತ್ರಗಳು ತಲುಪಿದವು. ಚುಕ್ಕಿಗಳಿಲ್ಲ. ನೀವು ನಾಯ್ಸ್ ಎಂದ ಮೇಲೆ ನನ್ನ ಎದೆಯ ಭಾರವೂ ಇಳಿಯಿತು. ನೀಲಿಯ ವಿಷಯ ಇನ್ನು ಎತ್ತುವುದಿಲ್ಲ.

ಇಪ್ಪತ್ತೆರಡು ಮಕ್ಕಳ ಮನೆಗೂ ಹೋಗಿ ಒಪ್ಪಿಗೆ ಕೇಳಿದೆ. "ಹಂದಿ ಬರ್ತಾವಲ್ರಿ ಸರ್" ಎಂದು ತಾಯಂದಿರು ಅಳುಕಿದರು. ಅದಕ್ಕೆ ಅಣ್ಣ ಬಂದೋಬಸ್ತು ಮಾಡಿದ್ದಾನೆ, ಹೆದರಬೇಡಿ ಎಂದೆ. ನನ್ನ ಅವ್ವ ಸುಭದ್ರಾಬಾಯಿ ಎಲ್ಲರಿಗೂ ಚುರುಮುರಿ ಹಚ್ಚಿಕೊಡುತ್ತಾಳೆ. ಮಹಾಮಾಯಾ ದಿನಾ ಅಂಗಳದಲ್ಲಿ ಅಲ್ಲಾಡದೆ ನಿಲ್ಲುವ ಅಭ್ಯಾಸ ಮಾಡುತ್ತಿದ್ದಾಳೆ. ನಿಮ್ಮ ಬಾಗಿಲಷ್ಟು ಚಿತ್ರದ ಆಸೆ ಅವಳಿಗೆ.

ಮದುವೆ ಚೆನ್ನಾಗಿ ಆಗಲಿ. ಟವರ್ ಮತ್ತೆ ಕೆಟ್ಟಿದೆ.

ಅಶ್ವಜಿತ


ಭಾಲ್ಕಿ
14 ಡಿಸೆಂಬರ್ 2025, ರವಿವಾರ, ಮಧ್ಯಾಹ್ನ ಮೂರು ಇಪ್ಪತ್ತು

ಮಾಸ್ತರರೇ,

ಇದನ್ನು ತಂದವನು ನನ್ನ ತಂಗಿಯ ಮಗ ಅಮಿತಕುಮಾರ. ಅವನು ಮುಂದೆ ನಿಂತಿರುವಾಗಲೇ ಪೂರ್ತಿ ಓದಿ. ಓದುವ ತನಕ ಒಂದು ಮಗುವನ್ನೂ ಆ ಹೊಲದೊಳಗೆ ಬಿಡಬೇಡಿ. ಎರಡು ತಾಸಿನಿಂದ ನಿಮ್ಮ ಫೋನಿಗೆ ಮಾಡುತ್ತಿದ್ದೇನೆ, ಹತ್ತುತ್ತಿಲ್ಲ. ಬಾಯಲ್ಲಿ ಹೇಳಿ ಕಳಿಸಿದರೆ ಹುಡುಗ ಅರ್ಧ ಮರೆಯುತ್ತಾನೆ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಯಾವ ಮದುವೆಯೂ ಇಲ್ಲ. ನನ್ನ ಬಲಗಣ್ಣಿನ ಪೊರೆ ತೆಗೆಸಲು ಬಂದೆ. ಯುನುಸಭಾಯಿಗೆ ಗೊತ್ತಾದರೆ ಬಣ್ಣದ ಕೆಲಸ ಕಿತ್ತುಕೊಳ್ಳುತ್ತಾನೆಂದು ಎರಡು ವರ್ಷ ಬಚ್ಚಿಟ್ಟಿದ್ದೆ. ಮಂಗಳವಾರ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ತಂಗಿಯ ಬಿಳಿ ಗೋಡೆ ನೋಡಿ, "ಯಾವಾಗ ನೀಲಿ ಹಚ್ಚಿಸ್ದಿ?" ಎಂದು ಕೇಳಿದೆ. ಅವಳು ನಕ್ಕಳು. ನಾನು ಡಾಕ್ಟರರನ್ನು ಕೇಳಿದೆ. ಪೊರೆ ಬಂದ ಕಣ್ಣಿಗೆ ನೀಲಿ ಕಾಣುವುದಿಲ್ಲವಂತೆ. ಕಾಣದ್ದಕ್ಕೆ ನಾನು ಅದನ್ನು ಸುರಿಯುತ್ತಿದ್ದೆ. ನಿಮ್ಮ ಹುಡುಗರು ಹೇಳಿದ್ದೇ ಸರಿ.

ಇವತ್ತು ಮಧ್ಯಾಹ್ನ ತಂಗಿ ಮಲಗಿದ್ದಾಗ ಅಮಿತನ ಲ್ಯಾಪ್‌ಟಾಪಿನಲ್ಲಿ, ಜೊತೆಗೆ ತಂದಿದ್ದ ನಿಮ್ಮ ನವೆಂಬರಿನ ಮೂಲ ಚಿತ್ರಗಳನ್ನು ತೆರೆದೆ. ಬದುವಿನ ಉದ್ದಕ್ಕೆ ಹನ್ನೊಂದು ನೀಲಿ ಚುಕ್ಕಿ. ಒಂದಕ್ಕೊಂದು ಸಮ ದೂರದಲ್ಲಿ, ಗೂಟ ನೆಟ್ಟಂತೆ.

ನವೆಂಬರಿನಲ್ಲಿ ನಾನು ಅವನ್ನು ನೋಡಿದೆ ಎಂದು ಬರೆದೆನಲ್ಲ, ಅದು ಸುಳ್ಳು. ನನಗೆ ಏನೂ ಕಂಡಿರಲಿಲ್ಲ. ಕಾಣಲಿಲ್ಲ ಎನ್ನಲು ನಾಚಿಕೆಯಾಯಿತು. ಕಂಪ್ಯೂಟರಿನ ನಾಯ್ಸ್ ತೆಗೆಯುವ ಗುಂಡಿಯನ್ನು ಎಲ್ಲದರ ಮೇಲೂ ಒತ್ತಿ ಕಳಿಸಿಬಿಟ್ಟೆ.

ಅವು ನಾಯ್ಸ್ ಅಲ್ಲ. ಮುಚ್ಚಳ ಹಾಕಿ ತೆಗೆದ ನಿಮ್ಮ ಚಿತ್ರಗಳಲ್ಲಿ ಅವು ಒಂದೂ ಇಲ್ಲ. ಕ್ಯಾಮೆರಾ ಹುಟ್ಟಿಸಿದ್ದಲ್ಲ, ಹೊಲದಲ್ಲಿರುವುದು. ಮಹಾಮಾಯಾ ನಿಂತ ಚಿತ್ರದಲ್ಲಿ ಮಾತ್ರ ಒಂಬತ್ತು. ಉಳಿದ ಎರಡು ಅವಳ ಫ್ರಾಕಿನ ಹಿಂದೆ ಮುಚ್ಚಿಹೋಗಿವೆ. ಅಷ್ಟು ಹತ್ತಿರ ನಿಂತಿದ್ದಾಳೆ ಮಗು.

ನಿಮ್ಮಣ್ಣನ ಬಂದೋಬಸ್ತು ಎಂದರೇನು? ಹಂದಿಗೆಂದು ಕರೆಂಟಿನ ತಂತಿ ಎಳೆದಿದ್ದಾನೆಯೇ? ಇಬ್ಬನಿ ಬಿದ್ದ ಗೂಟದ ಮೇಲೆ ಕರೆಂಟು ಸಿಡಿದರೆ ಹೀಗೇ ನೀಲಿ ಕಾಣುತ್ತದೆ. ನಿಮ್ಮ ಸಾಸಿವೆ ಸದ್ದು, ನಿಮ್ಮ ನಾಯಿ, ಎಲ್ಲ ಈಗ ತಲೆಗೆ ಹೊಳೆಯುತ್ತಿದೆ. ಚಿತ್ರದ ಸಮಯ ಸಂಜೆ ಏಳು ಐವತ್ತೆರಡು. ಆ ಹೊತ್ತಿಗೆ ನೀವೂ ಮಗಳೂ ಅಲ್ಲೇ ಇದ್ದಿರಿ.

ಅಲ್ಲಿಗೆ ಇಳಿಯಿರಿ ಎಂದವಳು ನಾನು. ಮಾಸ್ತರರೇ, ನನಗೆ ತುಂಬ ಹೆದರಿಕೆಯಾಗುತ್ತಿದೆ. ಓದಿದ ಕೂಡಲೇ ಅಮಿತನ ಕೈಯಲ್ಲಿ ಒಂದು ಸಾಲು ಬರೆದು ಕಳಿಸಿ.

ಶಶಿಕಲಾ


ಡಾಬಕಾ
16 ಡಿಸೆಂಬರ್ 2025

ಅಕ್ಕಾವರಿಗೆ ಜಯಭೀಮ.

ಅಮಿತಕುಮಾರನ ಕೈಯಲ್ಲಿ "ಎಲ್ಲರೂ ಇದ್ದೇವೆ" ಎಂದಷ್ಟೇ ಬರೆದು ಕಳಿಸಿದ್ದೆ. ಅವತ್ತು ಅದಕ್ಕಿಂತ ಹೆಚ್ಚು ಬರೆಯಲು ಕೈ ಏಳಲಿಲ್ಲ. ಈಗ ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಮೊದಲು ನನ್ನ ತಪ್ಪು. ತಂತಿಯ ವಿಷಯ ನನಗೆ ಗೊತ್ತಿತ್ತು. ಪಂಪಿನ ಸ್ಟಾರ್ಟರ್ ಡಬ್ಬಿಯಿಂದ ಬದುವಿನ ಗೂಟಗಳಿಗೆ ಅಣ್ಣ ಎಳೆದದ್ದು. ಕಾನೂನಿಗೆ ವಿರುದ್ಧ, ಅದಕ್ಕೇ ನಿಮಗೆ ಬರೆಯಲಿಲ್ಲ. ಕತ್ತಲಾಗುವಾಗ ಕೊಂಡಿ ಹಾಕುತ್ತಾನೆ, ರಾತ್ರಿ ಹನ್ನೆರಡಕ್ಕೆ ಗುಂಡಿ ಒತ್ತುತ್ತಾನೆ, ಬೆಳಗ್ಗೆ ಬಿಚ್ಚುತ್ತಾನೆ. ಹನ್ನೆರಡರ ತನಕ ಅದು ಬರೀ ಕಬ್ಬಿಣ ಎಂದು ನಾನೂ ನಂಬಿದ್ದೆ. ಕಾಳ್ಯಾ ಸತ್ತಾಗ ಒಂದು ಕ್ಷಣ ತಂತಿ ನೆನಪಾಗಿತ್ತು. ಅಣ್ಣ ಹಾವು ಎಂದ, ನನಗೂ ಹಾವೇ ಬೇಕಾಗಿತ್ತು.

ಅಮಿತಕುಮಾರ ದಾರಿ ಕೇಳುತ್ತ ಕೇಳುತ್ತ ಬಂದಾಗ ಆರು ಐವತ್ತು. ಮಕ್ಕಳು ಇನ್ನೂ ಮೇಲಿನ ಗಾಡಿದಾರಿಯಲ್ಲಿ ಸಾಲಾಗಿ ನಿಂತಿದ್ದರು. ಕ್ಯಾಮೆರಾವನ್ನು ಮೊದಲೇ ಕೆಳಗಿನ ಹೊಲದ ನಡುವೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದೆ. ಅದು ತಾನಾಗಿಯೇ ಬಿಡದೆ ಮೂವತ್ತು ಮೂವತ್ತು ಸೆಕೆಂಡಿನ ಚಿತ್ರ ತೆಗೆಯುತ್ತಿತ್ತು. ಅವನ ಬೈಕಿನ ದೀಪದಲ್ಲಿ ನಿಮ್ಮ ಕಾಗದ ಓದಿದೆ. ಮಕ್ಕಳನ್ನು ಅಲ್ಲೇ ಕೂರಿಸಿ ಅಣ್ಣನನ್ನು ಕೇಳಿದೆ. "ನಾ ಇನ್ನ ಗುಂಡಿನೇ ಒತ್ತಿಲ್ಲೋ ತಮ್ಮಾ. ಹುಡುಗ್ರು ಬರೋ ದಿನ ಒತ್ತತೇನೇನು?" ಎಂದ. ಅವನ ಮುಖದಲ್ಲಿ ಸುಳ್ಳಿರಲಿಲ್ಲ. ನಿಮ್ಮ ಕಾಗದವೇ ತಪ್ಪಿರಬೇಕು ಎಂದು ಅನಿಸಿತು. ಆದರೂ ನೋಡಿಬಿಡೋಣವೆಂದು ಅಣ್ಣನೊಂದಿಗೆ ಕ್ಯಾಮೆರಾದ ಬಳಿ ಹೋಗಿ, ಆಗಷ್ಟೇ ಮುಗಿದ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿದೆ.

ಚುಕ್ಕಿಗಳಿದ್ದವು. ಬೆರಳಿಟ್ಟು ಎಣಿಸಿದೆ. ಒಂಬತ್ತು.

ಮತ್ತೆ ಎಣಿಸಿದೆ ಅಕ್ಕಾವರೇ. ಒಂಬತ್ತೇ. ಐದನೆಯದರ ಆಚೆ ಎರಡರಷ್ಟು ಜಾಗ ಖಾಲಿ ಇತ್ತು. ನಿಮ್ಮ ಕಾಗದದ ಸಾಲು ನೆನಪಾಯಿತು: ಉಳಿದ ಎರಡು ಅವಳ ಫ್ರಾಕಿನ ಹಿಂದೆ.

ಮಹಾಮಾಯಾ ಮಕ್ಕಳ ಸಾಲಿನಲ್ಲಿದ್ದಾಳೆ ಎಂದುಕೊಂಡಿದ್ದೆ. ಅವಳು ಬಾಗಿಲಷ್ಟು ಚಿತ್ರದ ಆಸೆಗೆ ಎಲ್ಲರಿಗಿಂತ ಮೊದಲೇ ಬಾವಿಯ ಕಡೆಯಿಂದ ಸುತ್ತಿ ಬಂದು ತನ್ನ ಬಂಡೆಗಲ್ಲಿನ ಮೇಲೆ ನಿಂತುಬಿಟ್ಟಿದ್ದಳು. "ಮಾಯಾ" ಎಂದು ಮೆಲ್ಲಗೆ ಕರೆದೆ. "ಇಲ್ಲೇ ಇದ್ದೀನಪ್ಪಾ" ಎಂದಳು, ಕತ್ತಲೊಳಗಿಂದ.

ನನ್ನ ಕಡೆಗೆ ಬಾ ಎನ್ನಲು ಬಾಯಿ ತೆರೆದಿದ್ದೆ. ಅಣ್ಣ ನನ್ನ ರಟ್ಟೆ ಹಿಡಿದ. "ಕರಿಬ್ಯಾಡೋ," ಎಂದ. "ಈ ಕಡಿನೂ ಒಂದ್ ತಂತಿ ಎಳ್ದೀನಿ. ನಿನ್ನಿನೇ ಎಳ್ದೀನಿ." ಹೊಸ ಪ್ಲಾಸ್ಟಿಕ್ ಗೂಟದ್ದು, ಸಿಡಿಯುವುದಿಲ್ಲ, ಚಿತ್ರದಲ್ಲಿ ಕಾಣುವುದಿಲ್ಲ. ನನಗೂ ಮಗಳಿಗೂ ನಡುವೆ ಮೊಣಕಾಲೆತ್ತರದಲ್ಲಿ ಎಲ್ಲೋ ಇತ್ತು. ಟಾರ್ಚ್ ಕೈಯಲ್ಲೇ ಇತ್ತು, ಹಾಕುವಂತಿರಲಿಲ್ಲ. ಟಾರ್ಚ್ ಹಾಕಿದರೆ ಅವಳು ಓಡಿ ಬರುತ್ತಾಳೆ.

ಅಣ್ಣ ಪಂಪಿನ ಡಬ್ಬಿಯ ಕಡೆ ಓಡಿದ. ಇನ್ನೂರು ಹೆಜ್ಜೆ ದೂರ, ಅದೂ ಕತ್ತಲಲ್ಲಿ, ಸುತ್ತುದಾರಿಯಲ್ಲಿ. ನಾನು ಹೇಳಿದೆ, "ಮಾಯಾ, ಫೋಟೋ ತೆಗೀತೇನಿ. ಮೂವತ್ತು ಎಣಿಸೋ ತನಕ ಅಲ್ಲಾಡಬ್ಯಾಡ." ಅವಳು ಎಣಿಸತೊಡಗಿದಳು. ಮೂವತ್ತಾಯಿತು. "ಆಯ್ತೇನಪ್ಪಾ?" ಎಂದಳು. ಅಣ್ಣನ ಹೆಜ್ಜೆ ಸದ್ದು ಇನ್ನೂ ಕೇಳುತ್ತಿತ್ತು. "ಮೂಗು ತುರಿಸ್ಕೊಂಡೆಲ್ಲ, ಮತ್ತೊಮ್ಮೆ" ಎಂದೆ. "ನಾ ತುರಿಸ್ಕೊಂಡಿಲ್ಲ" ಎಂದು ಸಿಟ್ಟಿನಿಂದಲೇ ಮತ್ತೆ ಒಂದರಿಂದ ಹಿಡಿದಳು. ಆ ಸಿಟ್ಟಿನಲ್ಲಿ ಕಾಲು ಝಾಡಿಸಿದರೆ ಏನು ಗತಿ? ಎರಡನೆಯ ಸಲ ಇಪ್ಪತ್ತಾರಕ್ಕೆ ಬಂದಾಗ ಅವಳ ದನಿ ಸಣ್ಣದಾಯಿತು. "ಅಪ್ಪಾ, ಹಿಂದ ಏನೋ ಚಿಟಿಚಿಟಿ ಅಂತದ. ಅಂಜಿಕಿ ಆಗ್ತದ" ಎಂದಳು. ನನಗೂ ಅದೇ ಅಂಜಿಕೆ ಎಂದು ಹೇಗೆ ಹೇಳಲಿ? "ಹುಳ ಅದ, ಮಾಯಾ. ಎಣಿಸು" ಎಂದೆ. ಮೂರನೆಯ ಸಲ ಅಳುತ್ತಲೇ ಎಣಿಸಿದಳು. ಆದರೆ ಅಲ್ಲಾಡಲಿಲ್ಲ.

ಹದಿನೇಳಕ್ಕೆ ಬಂದಾಗ ಆ ಸದ್ದು ನಿಂತಿತು. ಅಣ್ಣ ದೂರದಿಂದ, "ಫ್ಯೂಜ್ ಕಿತ್ತೀನೋ" ಎಂದು ಕೂಗಿದ. ಆಮೇಲೂ ನನಗೆ ಟಾರ್ಚ್ ಹಾಕುವ ಧೈರ್ಯವಾಗಲಿಲ್ಲ. ಅವಳು ಮೂವತ್ತು ಮುಗಿಸುವ ತನಕ ಸುಮ್ಮನಿದ್ದೆ. ನಂತರ ನಾನೇ ಹೋಗಿ ಎತ್ತಿಕೊಂಡು ಬಂದೆ.

ಗುಂಡಿ ಒತ್ತುವವನು ತಾನು ಎಂದು ಅಣ್ಣ ತಿಳಿದಿದ್ದ. ದೀಪಾವಳಿಗೆ ಅವನು ಪಂಪಿಗೆ ಆಟೋ ಡಬ್ಬಿ ಕೂಡಿಸಿದ್ದ, ಕರೆಂಟು ಬಂದ ಕೂಡಲೇ ಪಂಪು ತಾನೇ ಶುರುವಾಗಲೆಂದು. ತಂತಿಯ ಕೊಂಡಿಯನ್ನು ಅದೇ ಡಬ್ಬಿಯ ತುದಿಗೆ ಸಿಕ್ಕಿಸುತ್ತಿದ್ದ. ಅಂದಿನಿಂದ ತಂತಿಗೂ ಅವನ ಗುಂಡಿಗೂ ಸಂಬಂಧವೇ ಇರಲಿಲ್ಲ. ಹೊಲದ ಕರೆಂಟಿನ ಪಾಳಿ ಯಾವಾಗ ಬಂದರೆ ಆಗ, ತಂತಿ ಜೀವಂತ. ಎರಡು ತಿಂಗಳು ನಾವು ಅದರ ಮಗ್ಗುಲಲ್ಲಿ ನಿಂತು ನಕ್ಷತ್ರ ನೋಡಿದ್ದೇವೆ.

ಮಕ್ಕಳಿಗೆ ಸಾಲಿಯ ಮಾಳಿಗೆಯ ಮೇಲಿನಿಂದಲೇ ಆಕಾಶ ತೋರಿಸಿದೆ. ಅವ್ವ ಚುರುಮುರಿ ಹಂಚಿದಳು. ನಾಲ್ಕೋ ಐದೋ ಉಲ್ಕೆ ಬಿದ್ದವಂತೆ. ನಾನು ಒಂದೂ ನೋಡಲಿಲ್ಲ, ತಲೆ ಎಣಿಸುತ್ತ ಕೂತಿದ್ದೆ. ಅಣ್ಣ ಅವತ್ತು ರಾತ್ರಿಯೇ ಎರಡೂ ತಂತಿ ಸುತ್ತಿ ಬಾವಿಗೆ ಎಸೆದ. ನಿನ್ನೆಯಿಂದ ಊಟ ಬಿಟ್ಟಿದ್ದಾನೆ. ಮಹಾಮಾಯಾ ತಟ್ಟೆ ಹಿಡಿದು ಅವನ ಮುಂದೆ ಕೂರುತ್ತಾಳೆ. ಏನಾಗಿತ್ತೆಂದು ಅವಳಿಗೆ ಇನ್ನೂ ಹೇಳಿಲ್ಲ. ನೀವು ನಿಮ್ಮನ್ನು ಬೈದುಕೊಳ್ಳಬೇಡಿ. ನೀವು ಕಾಣದ್ದನ್ನು ಕಂಡೆ ಎಂದಿರಿ, ನಾನು ಗೊತ್ತಿದ್ದದ್ದನ್ನು ಹೇಳಲಿಲ್ಲ.

ಕ್ಯಾಮೆರಾ ಆ ಹೊತ್ತಿನುದ್ದಕ್ಕೂ ತೆಗೆಯುತ್ತಲೇ ಇತ್ತು. ಕಾರ್ಡು ಕಳಿಸಿದ್ದೇನೆ. ನನಗೆ ತೆರೆದು ನೋಡಲಾಗಲಿಲ್ಲ.

ಅಶ್ವಜಿತ


ಬೀದರ
22 ಡಿಸೆಂಬರ್ 2025

ಮಾಸ್ತರರೇ, ಶರಣು.

ಯುನುಸಭಾಯಿಗೆ ಕಣ್ಣಿನ ವಿಷಯ ಹೇಳಿದೆ. ಅವನು, "ಇನ್ನೊಂದು ಕಣ್ಣು ಯಾವಾಗ ಮಾಡಿಸ್ತೀರಿ ಆಪಾ?" ಎಂದ, ಅಷ್ಟೆ. ಜನವರಿಯಲ್ಲಿ ಎಡಗಣ್ಣು. ಅಲ್ಲಿಯ ತನಕ ನಾನು ತಿದ್ದಿದ ಪ್ರತಿಯೊಂದನ್ನೂ ಲ್ಯಾಬಿನ ತಹಮೀನಾ ಒಮ್ಮೆ ನೋಡುತ್ತಾಳೆ. ನಾನೇ ಕೇಳಿಕೊಂಡದ್ದು.

ಚುಕ್ಕಿ ತೆಗೆದ ನನ್ನ ಹನ್ನೆರಡು ಚಿತ್ರಗಳನ್ನು ಗೋಡೆಯಿಂದ ಇಳಿಸಿ ಹಿಂದಕ್ಕೆ ಕಳಿಸಿ. ರಾತ್ರಿ ನಿದ್ದೆಯಲ್ಲಿ ಅವು ಬರುತ್ತವೆ, ಸ್ವಚ್ಛವಾಗಿ, ಒಂದು ಕಲೆಯೂ ಇಲ್ಲದೆ. ಎದ್ದು ಕೂರುತ್ತೇನೆ.

ಆ ರಾತ್ರಿಯ ಕಾರ್ಡಿನಿಂದ ತೆಗೆದ ಮಹಾಮಾಯಾಳ ಚಿತ್ರ ಈ ಪತ್ರದ ಜೊತೆಗಿದೆ, ಸುರುಳಿ ಸುತ್ತಿ ಹಬೀಬನ ಕೈಯಲ್ಲಿ ಕೊಟ್ಟಿದ್ದೇನೆ. ಮಾತು ಕೊಟ್ಟಂತೆ ಬಾಗಿಲಷ್ಟಿದೆ. ಆಕಾಶದ ಬಣ್ಣ ಮುಟ್ಟಿಲ್ಲ. ರವೆಯನ್ನೂ ತೆಗೆದಿಲ್ಲ. ಕ್ಯಾಮೆರಾ ಕಂಡದ್ದು ಕಂಡಂತೆ ಇದೆ. ಯಾವತ್ತಾದರೂ ಅವಳಿಗೆ ನಡೆದದ್ದನ್ನು ಹೇಳಿ, ಈ ಚಿತ್ರದ ಮುಂದೆ ನಿಲ್ಲಿಸಿ ಹೇಳಿ.

ಪ್ರಿಂಟು ಬಂದಾಗ ಅದರ ಮುಂದೆ ನಿಂತು ಬಲಗಣ್ಣು ಮುಚ್ಚಿ ನೋಡಿದೆ. ನಕ್ಷತ್ರಗಳ ಕೆಳಗೆ ಒಂದು ಮಗು, ಹಿಂದೆ ಕತ್ತಲು, ಬೇರೇನಿಲ್ಲ. ಎಡಗಣ್ಣು ಮುಚ್ಚಿ ನೋಡಿದೆ. ಒಂಬತ್ತು. ಎರಡು ಸಲವೂ ಅವಳು ಅಲ್ಲಾಡದೆ ನಿಂತಿದ್ದಳು.

ಶಶಿಕಲಾ